ಹಳೆಯ ಕಾರಿಗೆ ಎಲ್‌ಇಡಿ ಹೆಡ್‌ಲೈಟ್: ಬೆಳಕು, ಕಾನೂನು ಮತ್ತು ಲೆಕ್ಕ

ಚಳ್ಳಕೆರೆಯಿಂದ ಬಳ್ಳಾರಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎ ಮೊಳಕಾಲ್ಮೂರು ತಾಲ್ಲೂಕಿನ ಬಿ.ಜಿ. ಕೆರೆಯ ಮೂಲಕ ಹಾದುಹೋಗುತ್ತದೆ. ಇಂತಹ ರಸ್ತೆಯಲ್ಲಿ ಕತ್ತಲಾದ ಮೇಲೆ ಸರಕು ಲಾರಿಗಳ ಜೊತೆಗೆ ಶೇಂಗಾ ಹೇರಿದ ಟ್ರ್ಯಾಕ್ಟರ್, ಎತ್ತಿನ ಗಾಡಿ, ಕುರಿಮಂದೆ, ದ್ವಿಚಕ್ರ ವಾಹನ ಎಲ್ಲವೂ ಎದುರಾಗಬಹುದು. ಹಳೆಯ ಕಾರಿನ ಮಂಕು ಬೆಳಕಿನಲ್ಲಿ, ದೀಪವಿಲ್ಲದ ಗಾಡಿಯೊಂದು ಕಣ್ಣಿಗೆ ಬೀಳುವ ವೇಳೆಗೆ ಬ್ರೇಕ್ ಹಾಕಲು ಸಮಯ ಉಳಿದಿರುವುದಿಲ್ಲ. ಆದುದರಿಂದ ಹಳೆಯ ವಾಹನಕ್ಕೆ ಎಲ್‌ಇಡಿ ದೀಪ ಅಳವಡಿಸುವ ವಿಚಾರ ಕೇವಲ ಶೋಕಿಯ ಪ್ರಶ್ನೆಯಲ್ಲ.

ಎಂಜಿಬಿ ಅಥವಾ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5ರಂತಹ ಸ್ಪೋರ್ಟ್ಸ್ ಕಾರುಗಳಲ್ಲಿ 7 ಇಂಚು ವ್ಯಾಸದ ದುಂಡು ಹೆಡ್‌ಲೈಟ್ ಇದೆ. ನಮ್ಮ ಹಳೆಯ ಜೀಪ್, ಅಂಬಾಸಿಡರ್, ಪದ್ಮಿನಿ ಕಾರುಗಳದೂ ಅದೇ ಅಳತೆ. ಹೀಗಾಗಿ ಎರಡು ಸೀಟಿನ ಕಾರನ್ನು ಅಕ್ಕರೆಯಿಂದ ಕಾಪಾಡಿಕೊಂಡವರಿಗೂ ಮಿಲ್ಲಿನ ಶೆಡ್ಡಿನಲ್ಲಿ ಜೀಪ್ ನಿಲ್ಲಿಸಿಕೊಂಡ ವರ್ತಕರಿಗೂ ಮುಂದಿನ ವಿವರ ಸಮಾನವಾಗಿ ಅನ್ವಯಿಸುತ್ತದೆ.

ಮೊದಲು ವೈರಿಂಗ್ ನೋಡಬೇಕು

ಹಳೆಯ ಕಾರಿನಲ್ಲಿ ಬೆಳಕು ಕಡಿಮೆಯಾಗಲು ಬಲ್ಬೇ ಕಾರಣವೆಂದು ತಿಳಿಯಬಾರದು. ಹ್ಯಾಲೊಜೆನ್ ಬಲ್ಬಿಗೆ ತಲುಪುವ ವೋಲ್ಟೇಜ್ ಶೇ. 10ರಷ್ಟು ಇಳಿದರೆ ಬೆಳಕು ಸುಮಾರು ಶೇ. 30ರಷ್ಟು ಇಳಿಯುತ್ತದೆ. ಹಲವು ಹಳೆಯ ವಾಹನಗಳಲ್ಲಿ ದೀಪದ ವಿದ್ಯುತ್ತೆಲ್ಲ ಸವೆದ ಸ್ವಿಚ್ ಮತ್ತು ತೆಳು ತಂತಿಯ ಮೂಲಕವೇ ಹರಿಯುತ್ತದೆ. ದಪ್ಪ ತಂತಿ, ರಿಲೇ ಹಾಗೂ ಶುದ್ಧವಾದ ಅರ್ಥ್ ಸಂಪರ್ಕ ಒದಗಿಸಿದಲ್ಲಿ ಅಲ್ಪ ವೆಚ್ಚದಲ್ಲಿಯೇ ಇದ್ದ ದೀಪ ಗಮನಾರ್ಹವಾಗಿ ಸುಧಾರಿಸಬಹುದು. ಇದಾದ ನಂತರವೂ ಬೆಳಕು ಸಾಲದಿದ್ದರೆ ಮಾತ್ರ ಎಲ್‌ಇಡಿಯ ಯೋಚನೆ ಮಾಡುವುದು ಯುಕ್ತ.

ಬಲ್ಬೋ, ಇಡೀ ದೀಪವೋ?

ಎಲ್‌ಇಡಿ ಅಳವಡಿಕೆಗೆ ಎರಡು ಮಾರ್ಗಗಳಿವೆ. ಹಳೆಯ ರಿಫ್ಲೆಕ್ಟರಿನಲ್ಲಿಯೇ ಹ್ಯಾಲೊಜೆನ್ ಬಲ್ಬ್ ತೆಗೆದು ಎಲ್‌ಇಡಿ ಬಲ್ಬ್ ಕೂಡಿಸುವುದು ಮೊದಲನೆಯದು. ರಿಫ್ಲೆಕ್ಟರ್, ಗಾಜು ಸಹಿತ ಎಲ್‌ಇಡಿಗೆಂದೇ ರೂಪಿಸಿದ ಇಡೀ ದೀಪವನ್ನು ಬದಲಾಯಿಸುವುದು ಎರಡನೆಯದು. ಮೊದಲನೆಯದು ಅಗ್ಗ, ಆದರೆ ಅಪಾಯವಿರುವುದೂ ಅದರಲ್ಲಿಯೇ.

ಎಚ್4 ಬಲ್ಬಿನೊಳಗಿನ ತಂತಿ ಎಲ್ಲಿ, ಎಷ್ಟು ಉದ್ದ ಇರಬೇಕೆಂಬುದನ್ನು ಆಧರಿಸಿ ರಿಫ್ಲೆಕ್ಟರಿನ ವಕ್ರತೆಯನ್ನು ಲೆಕ್ಕ ಹಾಕಲಾಗಿರುತ್ತದೆ. ಬೆಳಕಿನ ಮೂಲ ಕೆಲವೇ ಕೂದಲೆಳೆಯಷ್ಟು ಸರಿದರೂ ಡಿಮ್ ಬೆಳಕಿನ ಮೇಲಂಚು ಚದುರಿ, ರಸ್ತೆಗೆ ಬೀಳಬೇಕಾದ ಬೆಳಕು ಎದುರಿನ ಚಾಲಕನ ಕಣ್ಣಿಗೆ ಹೊಡೆಯುತ್ತದೆ. ಸ್ವಂತ ಚಾಲಕನಿಗೆ ಮುಂದಿನ ಹತ್ತಾರು ಅಡಿ ಬೆಳ್ಳಗೆ ಕಾಣುವುದರಿಂದ ದೀಪ ಉತ್ತಮವಾಯಿತೆಂಬ ಭ್ರಮೆ ಉಂಟಾಗುತ್ತದೆ. ದೂರದ ನೋಟ ಮಾತ್ರ ಕುಗ್ಗಿರುತ್ತದೆ. ಜರ್ಮನಿಯಲ್ಲಿ 2020ರಲ್ಲಿ ಇಂತಹ ಬಲ್ಬುಗಳಿಗೆ ಅನುಮತಿ ದೊರೆತಾಗಲೂ, ಪರೀಕ್ಷಿಸಿ ಪಟ್ಟಿ ಮಾಡಿದ ನಿರ್ದಿಷ್ಟ ಕಾರು ಮಾದರಿಗಳಿಗೆ ಮಾತ್ರ ಅದು ಸೀಮಿತವಾಗಿತ್ತು.

ಇಡೀ ದೀಪವನ್ನು ಕೊಳ್ಳುವಾಗ ಗಾಜಿನ ಮೇಲಿನ ಗುರುತನ್ನು ಪರಿಶೀಲಿಸಬೇಕು. ವೃತ್ತದೊಳಗೆ 'ಇ' ಅಕ್ಷರ ಮತ್ತು ಅಂಕೆ ಇದ್ದರೆ ಅದು ವಿಶ್ವಸಂಸ್ಥೆಯ ಆರ್ಥಿಕ ಆಯೋಗದ ನಿಯಮಗಳ ಪ್ರಕಾರ ಅನುಮೋದಿತವಾದುದು. ಭಾರತದಲ್ಲಿ ವಾಹನಗಳು ಎಡಬದಿಯಲ್ಲಿ ಚಲಿಸುವುದರಿಂದ ಡಿಮ್ ಬೆಳಕು ಎಡಕ್ಕೆ ಮೇಲೇರಬೇಕು. ದೀಪದ ಎದುರು ನಿಂತು ನೋಡಿದಾಗ ಬಲಕ್ಕೆ ಮುಖ ಮಾಡಿದ ಬಾಣದ ಗುರುತು, ಅದು ಎಡಬದಿಯ ಸಂಚಾರಕ್ಕೆ ತಯಾರಾದುದೆಂಬುದರ ಸೂಚನೆ. ಅಮೆರಿಕ ಅಥವಾ ಯುರೋಪ್ ಖಂಡದ ರಸ್ತೆಗೆಂದು ಮಾಡಿದ ದೀಪ ಎಷ್ಟೇ ದುಬಾರಿಯಾದರೂ ಇಲ್ಲಿ ಎದುರಿನವರಿಗೆ ಕಂಟಕವೇ.

ಕಾನೂನಿನ ನಿಲುವು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೆಯ ನಿಯಮವು ಬೆಳಕು ಕೆಳಮುಖವಾಗಿರಬೇಕೆಂದು ವಿಧಿಸುತ್ತದೆ. ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಇರುವ ಕಣ್ಣು ಕೋರೈಸಬಾರದು. ಈ ಪರೀಕ್ಷೆಯನ್ನು ಗೋದಾಮಿನ ಅಂಗಳದಲ್ಲಿಯೇ ಮಾಡಿ ನೋಡಬಹುದು. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯ ಪೊಲೀಸರು ಜುಲೈ 2024ರಲ್ಲಿ ಕರ್ನಾಟಕದಾದ್ಯಂತ ವಿಶೇಷ ಕಾರ್ಯಾಚರಣೆ ಕೈಗೊಂಡು, ಮೋಟಾರು ವಾಹನ ಕಾಯಿದೆಯ 177ನೆಯ ಕಲಮಿನಡಿ ಪ್ರಕರಣ ದಾಖಲಿಸಿದರು. ಅನುಮತಿಯಿಲ್ಲದ ಬಿಡಿಭಾಗ ಜೋಡಿಸಿ ವಾಹನವನ್ನು ಮಾರ್ಪಡಿಸುವ ಮಾಲೀಕರಿಗೆ 182-ಎ(4) ಕಲಮಿನಡಿ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡನ್ನೂ ವಿಧಿಸುವ ಅವಕಾಶವಿದೆ.

ಐವತ್ತು ವರ್ಷ ಮೀರಿದ ವಾಹನಗಳಿಗೆ 2021ರಲ್ಲಿ 'ವಿಂಟೇಜ್' ನೋಂದಣಿಯ ಪ್ರತ್ಯೇಕ ನಿಯಮ ಬಂದಿತು. ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬುದು ಅದರ ಷರತ್ತು. ಹೀಗಾಗಿ ತೆಗೆದ ಮೂಲ ದೀಪಗಳನ್ನು ಎಸೆಯದೆ ಜೋಪಾನವಾಗಿ ಇಡುವುದು ಜಾಣತನ. ಮುಂದೆ ಮಾರುವಾಗ ವಾಹನದ ಬೆಲೆಗೂ ಅವು ಆಧಾರವಾಗುತ್ತವೆ.

ಲಾಭ-ನಷ್ಟದ ಲೆಕ್ಕ

ಎಲ್‌ಇಡಿಯಿಂದ ಇಂಧನ ಉಳಿಯುತ್ತದೆಂಬ ಮಾತನ್ನು ಅಳೆದು ನೋಡಬೇಕು. ಎರಡು ಹ್ಯಾಲೊಜೆನ್ ಡಿಮ್ ದೀಪಗಳಿಗೆ 110 ವ್ಯಾಟ್, ಎಲ್‌ಇಡಿ ಜೋಡಿಗೆ 50 ವ್ಯಾಟ್ ಎಂದಿಟ್ಟುಕೊಂಡರೆ ಉಳಿತಾಯ 60 ವ್ಯಾಟ್; ಎಂಜಿನ್ ಮತ್ತು ಆಲ್ಟರ್ನೇಟರಿನ ನಷ್ಟ ಸೇರಿಸಿದರೂ ಗಂಟೆಗೆ ಸುಮಾರು 30-35 ಮಿಲಿಲೀಟರ್ ಪೆಟ್ರೋಲ್ ಮಾತ್ರ. ಲೀಟರಿಗೆ 100 ರೂ. ದರದಲ್ಲಿ ವರ್ಷಕ್ಕೆ 200 ಗಂಟೆ ರಾತ್ರಿ ಓಡಿಸುವವರಿಗೆ ಉಳಿಯುವುದು 600-700 ರೂ. ದೀಪದ ಜೋಡಿಗೆ 10,000 ರೂ. ಎಂದು ಎಣಿಸಿದರೆ ಅಸಲು ಮರಳಲು ಸುಮಾರು 14-17 ವರ್ಷ ಬೇಕು. ಆದುದರಿಂದ ಈ ವೆಚ್ಚವನ್ನು ಸಮರ್ಥಿಸುವುದು ಉಳಿತಾಯವಲ್ಲ, ಸುರಕ್ಷತೆ. ಹಳೆಯ ಡೈನಮೋ ಇರುವ ಕಾರಿನಲ್ಲಿ ಬ್ಯಾಟರಿಯ ಮೇಲಿನ ಹೊರೆ ಇಳಿಯುವುದು ಮತ್ತೊಂದು ಪ್ರಯೋಜನ.

ವ್ಯಾಪಾರಕ್ಕೆ ಬಳಸುವ ವಾಹನದ ಸವೆದ ದೀಪವನ್ನು ಬದಲಿಸುವ ವೆಚ್ಚ ಸಾಮಾನ್ಯವಾಗಿ ದುರಸ್ತಿ ಖಾತೆಗೆ ಸೇರುತ್ತದೆ. ಹವ್ಯಾಸಕ್ಕಾಗಿ ಇಟ್ಟುಕೊಂಡ ಕಾರಿನ ಖರ್ಚನ್ನು ಸಂಸ್ಥೆಯ ಲೆಕ್ಕಕ್ಕೆ ಬರೆಯಬಾರದು. ಅದು ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಹೋಗಬೇಕು. ಜಿಎಸ್‌ಟಿ ಕಾಯಿದೆಯ 17(5)ನೆಯ ಕಲಂ ಪ್ರಕಾರ, ಚಾಲಕನೂ ಸೇರಿ 13 ಜನರ ಒಳಗಿನ ಪ್ರಯಾಣಿಕ ವಾಹನಗಳ ದುರಸ್ತಿ ಸೇವೆಗೆ, ಕೆಲವು ಅಪವಾದಗಳ ಹೊರತು, ಹೂಡುವಳಿ ತೆರಿಗೆ ಜಮೆ ದೊರೆಯದು. ವ್ಯವಹಾರಕ್ಕೆ ಬಳಸುವ ಸರಕು ವಾಹನಗಳಿಗೆ ಈ ತಡೆ ಇಲ್ಲ. ತಯಾರಕರ ಮೂಲ ಬೆಲೆಯಲ್ಲಿ ಸೇರಿರದ ವಿದ್ಯುತ್ ಉಪಕರಣಗಳನ್ನು ವಿಮಾ ಪಾಲಿಸಿಯಲ್ಲಿ ಪ್ರತ್ಯೇಕವಾಗಿ ನಮೂದಿಸಬೇಕು. ಇಲ್ಲವಾದಲ್ಲಿ ಅವುಗಳ ಪರಿಹಾರ ಕೈತಪ್ಪಬಹುದು. ಬಿಲ್ಲು ಮತ್ತು ಅನುಮೋದನೆಯ ಗುರುತಿನ ಛಾಯಾಚಿತ್ರವನ್ನು ವಾಹನದ ಕಡತದಲ್ಲಿ ಇಡುವುದು ಒಳಿತು.

ಹೆಡ್‌ಲೈಟ್ ಇರುವುದು ತನಗೆ ರಸ್ತೆ ಕಾಣಲೆಂದು, ಎದುರಿನವರಿಗೆ ಕಾಣದಂತೆ ಮಾಡಲೆಂದಲ್ಲ. ಅಗ್ಗದ ಬಲ್ಬಿನಿಂದ ಕೆಲವು ಸಾವಿರ ಉಳಿಸಿ, ಕುರಿಮಂದೆಯ ಹಿಂದೆ ನಡೆದುಬರುವ ಹುಡುಗನನ್ನು ಎದುರಿನ ಲಾರಿಯ ಚಾಲಕ ಕಾಣದಂತಾದರೆ ಆ ನಷ್ಟವನ್ನು ಯಾವ ಖಾತೆಯಲ್ಲಿಯೂ ಸರಿದೂಗಿಸಲಾಗದು.