ಸಿಮೆಂಟು ಹಲಗೆಗೂ ಬೂಷ್ಟು

ಕೊಂಡಾಪುರದಲ್ಲಿ ಇಡ್ಲಿಯ ಹಬೆಯೇಳುವ ಅಡುಗೆಮನೆಯ ಪಕ್ಕದಲ್ಲೇ ಸಿಮೆಂಟು ಹಲಗೆ ನಿಲ್ಲಿಸಿದ ಕೋಣೆಯಲ್ಲಿ ಮಲಗುವವರು, ಮಳೆಗಾಲದಲ್ಲಿ ಹಲಗೆಯ ಮೇಲೆ ಕಪ್ಪು ಚುಕ್ಕೆ ಮೂಡುವುದನ್ನು ಕಾಣದವರಲ್ಲ. ಹೊಸ ಸಿಮೆಂಟು ತೀವ್ರ ಕ್ಷಾರವಾದುದರಿಂದ ಬೂಷ್ಟು ಅದರ ಮೇಲೆ ಸುಲಭವಾಗಿ ಬೆಳೆಯದು. ಕಾಲಕ್ರಮದಲ್ಲಿ ಗಾಳಿಯ ಇಂಗಾಲಾಮ್ಲವು ಆ ಕ್ಷಾರವನ್ನು ಕುಗ್ಗಿಸುತ್ತದೆ. ಧೂಳು, ಎಣ್ಣೆಜಿಡ್ಡುಗಳೇ ಬೂಷ್ಟಿಗೆ ಆಹಾರ. ತೇವ ಸೇರಿದರೆ ಸಾಕು. ಇಂಥ ಕೋಣೆಯಲ್ಲಿ ಉಬ್ಬಸ ಹೆಚ್ಚುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿಯೇ ಎಚ್ಚರಿಸಿದೆ. ಮೇಲೆ ಬಣ್ಣ ಬಳಿಸುವುದು ಮಾಲೀಕರಿಗೆ ಸುಲಭ, ಆದರೆ ವ್ಯರ್ಥ. ಮೊದಲು ಸೋರಿಕೆ ನಿಲ್ಲಬೇಕು, ಹಬೆ ಹೊರಹೋಗಬೇಕು. ನೆನೆದುದು ಎರಡು ದಿನದೊಳಗೆ ಒಣಗಬೇಕು. ಸಾಬೂನುನೀರಿನಿಂದ ಉಜ್ಜಿ ಒಣಗಿಸಿದ ತರುವಾಯ, ಬಣ್ಣವಿಲ್ಲದ ಹಲಗೆಗೆ ಸುಣ್ಣ ಬಳಿದರೆ ಮೇಲ್ಮೈಗೆ ಕ್ಷಾರ ಮರಳುವುದು. ಬ್ಲೀಚಿಂಗ್ ಪುಡಿಗೆ ಪಾಯಿಖಾನೆಯ ಆಸಿಡ್ ಬೆರೆಸಿದರೆ ವಿಷಾನಿಲವೇಳುವುದು, ಎಚ್ಚರ. ಮಂಚ, ಟ್ರಂಕುಗಳನ್ನು ಗೋಡೆಯಿಂದ ಒಂದು ಗೇಣು ದೂರವಿಡಿರಿ, ಹಿಂದೆ ಗಾಳಿಯಾಡಲಿ.