ಬಾಯಾರಿದ ಊರಿನ ಗೋಡೆ ತುಂಬ ನೀರು

ಮದ್ಯದ ಹನಿಯೂ ಒಳಗೆ ಬರಬಾರದೆಂಬ ಹಟದಿಂದ ಕಟ್ಟಿದ ಹೋಟೆಲ್ಲು ಮೂರೇ ವರ್ಷಕ್ಕೆ ಬಾರ್ ಲೈಸೆನ್ಸ್ ಪಡೆಯಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಕೆಮ್ಮಣ್ಣಿನ ಬಯಲಿನ ನಡುವಿರುವ ಬ್ರೋಕನ್ ಹಿಲ್ ಊರಿನ ಪ್ಯಾಲೇಸ್ ಹೋಟೆಲ್ ಅದು.

ಈ ಊರು ಹುಟ್ಟಿದ್ದೇ ಗಣಿಯಿಂದ. 1883ರಲ್ಲಿ ಚಾರ್ಲ್ಸ್ ರಾಸ್ಪ್ ಎಂಬಾತ, ಕುರಿ ಸಾಕುವ ದೊಡ್ಡ ಜಮೀನಿನ ಬೇಲಿ ನೋಡಿಕೊಳ್ಳುತ್ತಿದ್ದವನು, ಇಲ್ಲಿನ ಗುಡ್ಡದ ಕಲ್ಲನ್ನು ತವರವೆಂದು ಭಾವಿಸಿ ಎತ್ತಿಕೊಂಡ. ಸಿಕ್ಕಿದ್ದು ಬೆಳ್ಳಿ, ಸೀಸ, ಸತು. ಎರಡು ವರ್ಷದೊಳಗೆ ಬ್ರೋಕನ್ ಹಿಲ್ ಪ್ರೊಪ್ರೈಟರಿ ಕಂಪನಿ ಶುರುವಾಯಿತು. ಇವತ್ತಿನ ದೈತ್ಯ ಗಣಿ ಸಂಸ್ಥೆ ಬಿಎಚ್‌ಪಿಯ ಹೆಸರಿನಲ್ಲಿರುವ ಬಿ ಮತ್ತು ಎಚ್ ಈ ಊರಿನದೇ. ಬೀದಿಗಳಿಗೂ ಗಣಿಯ ಗುಂಗು: ಆರ್ಜೆಂಟ್, ಸಲ್ಫೈಡ್, ಕ್ಲೋರೈಡ್, ಆಕ್ಸೈಡ್. ಆರ್ಜೆಂಟ್ ಮತ್ತು ಸಲ್ಫೈಡ್ ಬೀದಿಗಳು ಕೂಡುವ ಮೂಲೆಯಲ್ಲಿ ಪ್ಯಾಲೇಸ್ ನಿಂತಿದೆ. ವಿಳಾಸ ಕೇಳಿದರೆ ಪಿಯುಸಿ ಲ್ಯಾಬು ನೆನಪಾಗುವ ಊರು.

ದುಡಿದ ಗಣಿ ಕಾರ್ಮಿಕರು ಸಂಜೆಯಾದರೆ ಹೆಂಡದಂಗಡಿಗೆ ನುಗ್ಗುತ್ತಿದ್ದ ಕಾಲ. ಪಾನವಿರೋಧಿ ಚಳವಳಿ ಆಗ ಆಸ್ಟ್ರೇಲಿಯಾದ ಊರೂರಿನಲ್ಲಿ ‘ಕಾಫಿ ಪ್ಯಾಲೇಸ್’ಗಳನ್ನು ಕಟ್ಟಿಸುತ್ತಿತ್ತು. ಊಟ, ವಸತಿ, ಕಾಫಿ ಎಲ್ಲವೂ ಉಂಟು, ಮದ್ಯವಿಲ್ಲ. ಮೆಲ್ಬರ್ನಿನ ಹೆಸರಾಂತ ವಿಂಡ್ಸರ್ ಹೋಟೆಲ್ ಕೂಡ 1886ರಲ್ಲಿ ಗ್ರ್ಯಾಂಡ್ ಕಾಫಿ ಪ್ಯಾಲೇಸ್ ಆಗಿತ್ತು. ಅದೇ ಹುಮ್ಮಸ್ಸಿನಲ್ಲಿ 1889ರಲ್ಲಿ ಬ್ರೋಕನ್ ಹಿಲ್‌ನಲ್ಲೂ ಮೂರಂತಸ್ತಿನ ಕಟ್ಟಡ ಎದ್ದಿತು. ನಕ್ಷೆ ವಾಸ್ತುಶಿಲ್ಪಿ ಆಲ್ಫ್ರೆಡ್ ಡನ್ ಅವರದು. ಮೇಲಂತಸ್ತುಗಳ ಉದ್ದನೆಯ ವರಾಂಡಾಗಳು ರಸ್ತೆಯ ಮೇಲೆ ಚಾಚಿಕೊಂಡು ಕೆಳಗಿನ ಫುಟ್‌ಪಾತಿಗೆ ನೆರಳು ಕೊಡುತ್ತವೆ. ಅಲ್ಲಿನ ಬಿಸಿಲಿಗೆ ಇದು ಅಲಂಕಾರವಲ್ಲ, ಅಗತ್ಯ. ಆದರೆ ಬರೀ ಕಾಫಿ ಮಾರಿ ಅಷ್ಟು ದೊಡ್ಡ ಕಟ್ಟಡವನ್ನು ಸಾಕುವುದು ಆಗಲಿಲ್ಲ. 1892ರಲ್ಲಿ ಬಾರ್ ತೆರೆಯಿತು. ಕಟ್ಟಿಸಿದವರ ಸದುದ್ದೇಶಕ್ಕೆ ಅಂಟಿಕೊಂಡಿದ್ದರೆ ಇವತ್ತು ಬರೆಯುವುದಕ್ಕೆ ಕಟ್ಟಡವೇ ಇರುತ್ತಿರಲಿಲ್ಲವೇನೋ.

ಈ ಊರಿಗೆ ಮದ್ಯಕ್ಕಿಂತ ದೊಡ್ಡ ಚಿಂತೆ ನೀರಿನದು. ಬರಗಾಲದಲ್ಲಿ ರೈಲು ನೀರು ಹೊತ್ತು ತರುತ್ತಿತ್ತು. ಸುತ್ತಲಿನ ಜಲಾಶಯಗಳನ್ನು ನಂಬಿ ಕೂರುವಂತಿರಲಿಲ್ಲ. ಡಾರ್ಲಿಂಗ್ ನದಿಯ ನೀರು ಮೆನಿಂಡೀಯಿಂದ ಕೊಳವೆಯಲ್ಲಿ ಬಂದದ್ದು 1952ರಲ್ಲಿ. ಆ ನದಿಯೂ ಸೊರಗಿದಾಗ, ತೀರಾ ಇತ್ತೀಚೆಗೆ, ಸುಮಾರು 270 ಕಿಲೋಮೀಟರ್ ದೂರದ ಮರ್ರೆ ನದಿಯಿಂದ ಇನ್ನೊಂದು ಕೊಳವೆ ಎಳೆಯಬೇಕಾಯಿತು.

ಇಷ್ಟು ತಿಳಿದ ಮೇಲೆ ಹೋಟೆಲಿನ ಒಳಗೆ ಕಾಲಿಟ್ಟರೆ ಕಣ್ಣು ಅಗಲವಾಗುತ್ತದೆ. 1970ರ ದಶಕದಲ್ಲಿ ಇದನ್ನು ಕೊಂಡವರು ಇಟಲಿಯಿಂದ ವಲಸೆ ಬಂದಿದ್ದ ಮಾರಿಯೊ ಚೆಲೊಟ್ಟೊ. ಬೊಟ್ಟಿಚೆಲ್ಲಿಯ ವೀನಸ್ ಚಿತ್ರವನ್ನು ಸೂರಿನ ಮೇಲೆ ತಾವೇ ಬರೆದರು. ಚಿಪ್ಪಿನ ಮೇಲೆ ನಿಂತು ಕಡಲಿನಿಂದ ಬರುವ ದೇವತೆ, ಕಡಲೇ ಕಾಣದ ಊರಿನಲ್ಲಿ! ಆಮೇಲೆ ಮೂಲನಿವಾಸಿ ಚಿತ್ರಕಾರ ಗಾರ್ಡನ್ ವೇಯ್ ಕುಂಚ ಹಿಡಿದರು. ಮೆಟ್ಟಿಲಿನ ಪಕ್ಕ, ಗೋಡೆ, ಸೂರು, ಒಂದನ್ನೂ ಬಿಡದೆ ಕೊಳ, ಜಲಪಾತ, ಹಸಿರು ದಂಡೆಗಳು ಹರಡಿಕೊಂಡವು. ಕಲಾವಿಮರ್ಶಕರು ಮೂಗು ಮುರಿಯಬಹುದು. ಬಣ್ಣ ಢಾಳು, ಅಳತೆ ಅಲ್ಲಲ್ಲಿ ಜಾರಿದೆ. ‘ಮೂಲರೂಪಕ್ಕೆ ತರುತ್ತೇವೆ’ ಎಂದು ಸುಣ್ಣ ಬಳಿಯುವ ಹುಕಿ ಯಾರಿಗೂ ಬರಲಿಲ್ಲ ಎಂಬುದೇ ನನ್ನ ಸಮಾಧಾನ. 1889ರ ಇಟ್ಟಿಗೆ ಎಷ್ಟು ಪರಂಪರೆಯೋ ಈ ಬಣ್ಣವೂ ಅಷ್ಟೇ.

ಬಣ್ಣವೇ ಸಿನಿಮಾದವರನ್ನೂ ಕರೆಸಿತು. 1994ರ ‘ದಿ ಅಡ್ವೆಂಚರ್ಸ್ ಆಫ್ ಪ್ರಿಸಿಲ್ಲಾ, ಕ್ವೀನ್ ಆಫ್ ದ ಡೆಸರ್ಟ್’ ಚಿತ್ರದಲ್ಲಿ ಹೆಣ್ಣುವೇಷದ ಕಲಾವಿದರ ತಂಡ ಸಿಡ್ನಿಯಿಂದ ಬಸ್ಸಿನಲ್ಲಿ ಹೊರಟು ದಾರಿಯಲ್ಲಿ ತಂಗುವುದು ಇಲ್ಲಿಯೇ. ವಸ್ತ್ರವಿನ್ಯಾಸಕ್ಕೆ ಆಸ್ಕರ್ ಪಡೆದ ಚಿತ್ರವದು. ಬಿಗಿ ಕಾರ್ಮಿಕ ಸಂಘಟನೆಗಳ, ಗಂಡಸರದ್ದೇ ದರ್ಬಾರಿನ ಗಣಿಯೂರು ಆ ಚಿತ್ರದ ನೆನಪಿಗೆ ಈಗ ‘ಬ್ರೋಕನ್ ಹೀಲ್’ ಎಂಬ ಉತ್ಸವ ಮಾಡುತ್ತದೆ. ಎತ್ತರದ ಹಿಮ್ಮಡಿಯ ಚಪ್ಪಲಿ, ಗರಿ, ಝಗಮಗಿಸುವ ಉಡುಪು ತೊಟ್ಟವರು ಆರ್ಜೆಂಟ್ ಬೀದಿಯಲ್ಲಿ ಮೆರವಣಿಗೆ ಹೋಗುತ್ತಾರೆ.

ಉಳಿದ ದಿನಗಳಲ್ಲಿ ಹೋದವರು ಹೋಟೆಲಿನಲ್ಲಿ ‘ಟೂ ಅಪ್’ ನೋಡಬೇಕು. ಸಣ್ಣ ಮರದ ಹಲಗೆಯ ಮೇಲೆ ಎರಡು ನಾಣ್ಯವಿಟ್ಟು ಚಿಮ್ಮುವ ಜೂಜು. ಎರಡೂ ತಲೆ ಬಿದ್ದರೆ ಒಂದು ಕಡೆಯವರಿಗೆ ಹಣ, ಎರಡೂ ಬಾಲ ಬಿದ್ದರೆ ಇನ್ನೊಂದು ಕಡೆಯವರಿಗೆ. ಒಂದೊಂದು ಬಿದ್ದರೆ ಮತ್ತೆ ಚಿಮ್ಮು. ರಾಜ್ಯದ ಬೇರೆಡೆ ಯೋಧರನ್ನು ನೆನೆಯುವ ಏಪ್ರಿಲ್ 25ರ ಆನ್ಜಾಕ್ ದಿನದಂಥ ಕೆಲವೇ ದಿನ ಇದಕ್ಕೆ ಅನುಮತಿ. ಬ್ರೋಕನ್ ಹಿಲ್‌ಗೆ ಮಾತ್ರ ಕಾನೂನೇ ವಿನಾಯಿತಿ ಕೊಟ್ಟಿದೆ. ಕಾಫಿಯಿಂದ ಶುರುವಾದ ಮನೆಯಲ್ಲಿ ಈಗ ಮದ್ಯವೂ ಉಂಟು, ಜೂಜೂ ಉಂಟು.

2015ರಲ್ಲಿ ಇಡೀ ಊರೇ ಆಸ್ಟ್ರೇಲಿಯಾದ ರಾಷ್ಟ್ರೀಯ ಪರಂಪರೆಯ ಪಟ್ಟಿ ಸೇರಿತು. ಹಾಗೆ ಸೇರಿದ ಮೊದಲ ನಗರ ಇದು. ನೋಡಬೇಕೆನ್ನುವವರು ಸಿಡ್ನಿಯಿಂದ 1,100 ಕಿಲೋಮೀಟರಿಗೂ ಹೆಚ್ಚು ದೂರ ಬರಬೇಕು, ಅಡಿಲೇಡ್‌ನಿಂದಾದರೆ ಸುಮಾರು 500. ಸಿಡ್ನಿ ಕಡೆಯಿಂದ ಬರುವವರು ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಬೇಕು. ನ್ಯೂ ಸೌತ್ ವೇಲ್ಸಿಗೆ ಸೇರಿದ್ದರೂ ಈ ಊರು ನಡೆಯುವುದು ಅಡಿಲೇಡ್ ಸಮಯಕ್ಕೆ.