ಕುಲುಮೆಯ ಕಬ್ಬಿಣವೂ ಭೂಗರ್ಭದ ಕಬ್ಬಿಣವೂ

ಕಬ್ಬಿಣವು ಭೂಮಿಯಲ್ಲಿ ಹೇರಳವಾಗಿದ್ದರೂ ಲೋಹರೂಪದಲ್ಲಿ ದೊರೆಯುವುದು ಅತಿ ವಿರಳ. ಚಿನ್ನದಂತೆ ಅದು ಒಂಟಿಯಾಗಿ ನಿಲ್ಲದೆ, ಬಹುಮಟ್ಟಿಗೆ ಆಮ್ಲಜನಕದೊಡನೆ ಕೂಡಿಯೇ ಇರುತ್ತದೆ. ಆದುದರಿಂದ ನೆಲದಲ್ಲಿ ಕಬ್ಬಿಣದ ಗಟ್ಟಿಯೊಂದು ಸಿಕ್ಕಿದರೆ, ಅದು ಆಕಾಶದಿಂದ ಬಿದ್ದುದೋ, ಮಾನವನ ಕುಲುಮೆಯಲ್ಲಿ ಬೆಂದುದೋ, ಅಥವಾ ಭೂಗರ್ಭದಲ್ಲಿಯೇ ಹುಟ್ಟಿದುದೋ ಎಂಬ ಪ್ರಶ್ನೆ ಏಳುತ್ತದೆ.

ಈ ಪ್ರಶ್ನೆಯಲ್ಲಿ ಪಂಡಿತರೂ ಎಡವಿದುದುಂಟು. 1870ರಲ್ಲಿ ಸ್ವೀಡನ್ನಿನ ಅನ್ವೇಷಕ ನೂರ್ಡೆನ್‌ಷೆಲ್ಡರು ಗ್ರೀನ್‌ಲೆಂಡಿನ ಪಶ್ಚಿಮ ಕರಾವಳಿಯ ಡಿಸ್ಕೋ ದ್ವೀಪದಲ್ಲಿ ಕಬ್ಬಿಣದ ಭಾರಿ ಬಂಡೆಗಳನ್ನು ಕಂಡರು. ಅತಿ ದೊಡ್ಡದರ ತೂಕ 20 ಟನ್ನಿಗೂ ಮಿಗಿಲು. ಅವರು ಅವನ್ನು ಉಲ್ಕೆಗಳೆಂದು ಬಗೆದರು. ಆದರೆ ಅದೇ ದಶಕದಲ್ಲಿ ಡೆನ್ಮಾರ್ಕಿನ ಸ್ಟೀನ್‌ಸ್ಟ್ರುಪರು ಆ ದ್ವೀಪದ ಕರಿಯ ಬಸಾಲ್ಟ್ ಶಿಲೆಯ ಒಡಲಿನಲ್ಲಿಯೇ ಕಬ್ಬಿಣದ ಕಣಗಳು ಹುದುಗಿರುವುದನ್ನು ತೋರಿಸಿದರು.

ಇದಕ್ಕೆ ಕಾರಣವೇನು? ಸುಮಾರು 6 ಕೋಟಿ ವರ್ಷಗಳ ಹಿಂದೆ ಕುದಿಯುವ ಶಿಲಾರಸವು ಮೇಲೇರುವಾಗ ಕಲ್ಲಿದ್ದಲು ಮುಂತಾದ ಇಂಗಾಲಯುಕ್ತ ಪದರಗಳನ್ನು ಹಾದುಬಂದಿತು. ಇಂಗಾಲವು ಶಿಲಾರಸದಲ್ಲಿದ್ದ ಆಮ್ಲಜನಕವನ್ನು ಸೆಳೆದುಕೊಳ್ಳಲು, ಕಬ್ಬಿಣವು ಬಿಡುಗಡೆ ಹೊಂದಿತು. ಕುಲುಮೆಯಲ್ಲಿ ಇದ್ದಲು ಅದಿರಿಗೆ ಮಾಡುವುದೂ ಇದನ್ನೇ. 1923ರಲ್ಲಿ ಭದ್ರಾವತಿಯ ಕಾರ್ಖಾನೆಯಲ್ಲಿ ಕಟ್ಟಿಗೆಯ ಇದ್ದಲಿನಿಂದ ಕಬ್ಬಿಣವನ್ನು ತೆಗೆಯತೊಡಗಿದಾಗ ನಡೆದ ಕ್ರಿಯೆಗೂ ಡಿಸ್ಕೋದ ಕ್ರಿಯೆಗೂ ತತ್ತ್ವದಲ್ಲಿ ಭೇದವಿಲ್ಲ. ಬರಿಯ ಶಾಖವು ಸಾಲದು ಎಂಬುದಕ್ಕೆ ಮುಂಬಯಿ, ಪುಣೆಗಳ ವಾಚಕರು ತಮ್ಮ ಕಾಲ ಕೆಳಗಿನ ನೆಲವನ್ನೇ ನೋಡಬಹುದು. ಆ ಬಸಾಲ್ಟ್ ಶಿಲೆಯೂ ಶಿಲಾರಸದಿಂದಲೇ ಆದುದು. ಅದರಲ್ಲಿ ಕಬ್ಬಿಣವೂ ಸಾಕಷ್ಟಿದೆ. ಆದರೆ ಆಮ್ಲಜನಕವನ್ನು ಕಸಿಯಲು ತಕ್ಕಷ್ಟು ಇಂಗಾಲ ದೊರೆಯದುದರಿಂದ ಅದು ಲೋಹವಾಗಲಿಲ್ಲ.

ಹಾಗಾದರೆ ಇವುಗಳನ್ನು ಬೇರ್ಪಡಿಸುವುದೆಂತು? ಉಲ್ಕೆಯ ಕಬ್ಬಿಣದಲ್ಲಿ ನಿಕ್ಕಲ್ಲು ಸಾಮಾನ್ಯವಾಗಿ ನೂರಕ್ಕೆ 5 ಭಾಗಕ್ಕೆ ಕಡಿಮೆಯಿರದು. ಡಿಸ್ಕೋದ ಕಬ್ಬಿಣದಲ್ಲಿ ಅದು ಬಹುಮಟ್ಟಿಗೆ 4 ಭಾಗವನ್ನು ಮೀರದು. ಆದರೆ ಡಿಸ್ಕೋದ ದೊಡ್ಡ ಬಂಡೆಗಳಲ್ಲಿ ಇಂಗಾಲದ ಅಂಶವು ಬೀಡುಕಬ್ಬಿಣದಲ್ಲಿರುವಷ್ಟೇ ಅಧಿಕ. ಆದಕಾರಣ ಇಂಗಾಲವೊಂದನ್ನೇ ಅಳೆದು ಇದು ಮನುಷ್ಯಕೃತವೆಂದು ತೀರ್ಪು ನೀಡುವಂತಿಲ್ಲ. ಅಲ್ಲಿನ ಇನುಯಿಟ್ ಜನರು ಈ ಸಹಜ ಕಣಗಳನ್ನೇ ಬಡಿದು ಚಪ್ಪಟೆಮಾಡಿ, ಎಲುಬಿನ ಹಿಡಿಗೆ ಕೂರಿಸಿ ಕತ್ತಿಗಳನ್ನು ಮಾಡುತ್ತಿದ್ದರು. ಕಬ್ಬಿಣದ ಕತ್ತಿ ಕಂಡಲ್ಲೆಲ್ಲ ಕುಲುಮೆಯಿತ್ತೆಂದು ಊಹಿಸಿದರೆ ಚರಿತ್ರೆಯೇ ತಪ್ಪಾದೀತು.

ಆದುದರಿಂದ ಗಟ್ಟಿಯಷ್ಟೇ ಅಲ್ಲ, ಅದು ದೊರೆತ ನೆಲೆಯೂ ಸಾಕ್ಷಿ. ಪಕ್ಕದಲ್ಲಿರುವುದು ಕಿಟ್ಟವೇ, ಇದ್ದಲ ಚೂರೇ, ಶಿಲೆಯೇ ಎಂಬುದನ್ನು ಗುರುತಿಸಿಕೊಳ್ಳದೆ ಅದನ್ನು ಕಿತ್ತು ತಂದರೆ, ನಿರ್ಣಯಕ್ಕೆ ಬೇಕಾದ ಮುಖ್ಯ ಆಧಾರವನ್ನು ಅಲ್ಲಿಯೇ ಬಿಟ್ಟು ಬಂದಂತಾಗುತ್ತದೆ.